ದೋಸಾ ಬೌದಿಯ ಕೆಂಪು ಮುಖ

ನಮ್ಮ ಅಂಗಡಿಯ ಹಲಗೆಯ ಮೇಲೆ ಒಂದು ಹೆಸರಿದೆ, ಅದನ್ನು ಈವರೆಗೆ ಓದಿದವರು ಯಾರೂ ಇಲ್ಲ. ಲೇಕ್ ಗಾರ್ಡನ್ಸ್ ಸ್ಟೇಷನ್ನಿನಲ್ಲಿ ಇಳಿದು ಬರುವವರಿಗೆಲ್ಲ ಅದು ದೋಸಾ ಬೌದಿಯ ಅಂಗಡಿ. ಬೌದಿ ಅಂದರೆ ಬಂಗಾಳಿಯಲ್ಲಿ ಅತ್ತಿಗೆ. ಮದುವೆಯಾಗಿ ಕುಂದಾಪುರದಿಂದ ಇಲ್ಲಿಗೆ ಬಂದ ಮೊದಲ ವಾರವೇ ಕೇರಿಯವರು ನನ್ನನ್ನು ಹಾಗೆ ಕರೆದುಬಿಟ್ಟರು. ಒಬ್ಬ ಮೈದುನನೂ ಇಲ್ಲದ ಮನೆಗೆ ಸೊಸೆಯಾಗಿ ಬಂದವಳಿಗೆ ಬೀದಿ ತುಂಬ ಮೈದುನಂದಿರು. ಗಂಡ ಕಾವಲಿಯ ಮುಂದೆ ನಿಂತು ದೋಸೆ ಎರೆಯುತ್ತಾರೆ. ಹಿಟ್ಟು, ಚಟ್ನಿ ಮತ್ತು ಗಿರಾಕಿಗಳ ಜೊತೆ ಬಾಯಿ, ಈ ಮೂರೂ ನನ್ನ ವಿಭಾಗ.

ಆ ಹೆಸರಿನಲ್ಲೇ ನನಗೊಂದು ಅಕೌಂಟ್ ಇದೆ. ಫೋಟೋ ಹಾಕುವುದು, ಇಷ್ಟವಾದರೆ ಹೃದಯ ಒತ್ತುವುದು, ಕೆಳಗೆ ಕಮೆಂಟ್ ಬರೆಯುವುದು, ಅಂಥ ಜಾಲತಾಣ. ಕೇರಿಗೆಲ್ಲ ಚಿಕ್ಕಮ್ಮನಾದ ಎದುರು ಮನೆಯ ಕಾಕಿಮಾಳ ಸೊಸೆ ಅದನ್ನು ತೆರೆದು ಕೊಡುವಾಗ ನನ್ನ ನಿಜವಾದ ಹೆಸರು ಹಾಕೋಣ ಅಂದಿದ್ದೆ. ಅವಳು ನಕ್ಕುಬಿಟ್ಟಳು. ಬಂಗಾಳಿಗಳಿಗೆ ಹೇಗೂ ಎರಡೆರಡು ಹೆಸರು, ಕಾಗದಪತ್ರಕ್ಕೊಂದು ಭಾಲೋ ನಾಮ್, ಮನೆಯವರು ಕೂಗುವುದಕ್ಕೊಂದು ಡಾಕ್ ನಾಮ್. "ಭಾಲೋ ನಾಮ್ ಹಾಕಿದರೆ ನಿಮ್ಮನ್ನು ಬ್ಯಾಂಕಿನವರು ಮಾತ್ರ ಹುಡುಕುತ್ತಾರೆ ಬೌದಿ," ಅಂದಳು. ಸರಿ, ದೋಸಾ ಬೌದಿ ಎಂದೇ ಆಯಿತು.

ದಿನಾ ಬೆಳಿಗ್ಗೆ ಕಾವಲಿಯಿಂದ ಎದ್ದ ಮೊದಲ ದೋಸೆಯ ಫೋಟೋ ಹಾಕುತ್ತೇನೆ. ಅದು ಗಿರಾಕಿಗಳಿಗಾಗಿ ಎಂದು ಗಂಡ ತಿಳಿದುಕೊಂಡಿದ್ದರು. ನಾನು ಹಾಕುತ್ತಿದ್ದದ್ದು ಅಮ್ಮನಿಗಾಗಿ. ಅಮ್ಮ ಊರಿನಲ್ಲಿ ಅಣ್ಣನ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಸುಖವಾಗಿದ್ದಾಳೆ, ಆದರೆ ಆ ಗದ್ದಲ ಅವಳಿಗೆ ಕೇಳಿಸುವುದಿಲ್ಲ. ಕಿವಿ ಪೂರ್ತಿ ಹೋಗಿದೆ. ಫೋನಿನಲ್ಲಿ ನಾನು ಕೂಗುವುದು, ಆಚೆಯಿಂದ ಅವಳು "ಆಂ? ಆಂ?" ಅನ್ನುವುದು, ಇಬ್ಬರಿಗೂ ಸುಸ್ತಾಗಿ ಇಟ್ಟುಬಿಡುವುದು. ಕೊನೆಗೆ ಒಬ್ಬಳು ಮೊಮ್ಮಗಳು ಟ್ಯಾಬಿಗೆ ಈ ಒಂದು ಆ್ಯಪ್ ಹಾಕಿ, ದೊಡ್ಡ ಅಕ್ಷರ ಮಾಡಿ, ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಳು. ಅಲ್ಲಿಗೆ ನಿಂತುಹೋಗಿದ್ದ ನಮ್ಮ ತಾಯಿ ಮಗಳ ಜಗಳ ಮತ್ತೆ ಶುರುವಾಯಿತು.

"ಕಾವ್ಲಿ ಕಾಯ್ಲಿಲ್ಲ," ಎಂದು ಅಮ್ಮ ಬರೆಯುತ್ತಾಳೆ. "ಅಲ್ಲಿಂದ ಕಂಡ್ರೆ ಕಾವ್ಲಿ ಬಿಸಿ ಗೊತ್ತಾತ್ತಾ ನಿಂಗೆ?" ಎಂದು ನಾನು. "ನೀರ್ ದೋಸಿ ಇಷ್ಟ್ ದಪ್ಪ ಎಂತಕೆ, ಚಾಪಿ ನೇಯ್ತ್ಯಾ?" ಎಂದು ಅವಳು. ಬಂಗಾಳಿ ಗಿರಾಕಿಗಳು ಒಂದಕ್ಷರ ತಿಳಿಯದೆ, ತಾಯಿ ಮಗಳಿಗೆ ಆಶೀರ್ವಾದ ಮಾಡುತ್ತಿದ್ದಾಳೆ ಅಂದುಕೊಂಡು ಅದಕ್ಕೆಲ್ಲ ಹೃದಯ ಒತ್ತುತ್ತಿದ್ದರು. ನಾನು ಒಂದು ದಿನವೂ ಸೋತು ಒಪ್ಪಿಕೊಂಡವಳಲ್ಲ. ಅವಳ ಹೊಟ್ಟೆಯಲ್ಲೇ ಹುಟ್ಟಿದವಳು ನಾನು, ಎಲ್ಲಿಂದ ಒಪ್ಪಲಿ? ಹೀಗೆ ವರ್ಷಗಟ್ಟಲೆಯ ಜಗಳ ಆ ಫೋಟೋಗಳ ಕೆಳಗೆ ಸಾಲಾಗಿ ಕೂತಿತ್ತು.

ಒಂದು ಮಧ್ಯಾಹ್ನ ಆ ಜಾಲತಾಣದ ಕಂಪನಿಯೇ ಕಳಿಸಿದಂತೆ ಕಾಣುವ ಒಂದು ಸಂದೇಶ ಬಂತು. ನಿಮ್ಮ ನೀರು ದೋಸೆಯ ಚಿತ್ರ ಬೇರೆಯವರದ್ದನ್ನು ಕದ್ದದ್ದೆಂದು ದೂರು ಬಂದಿದೆ, ನಿಮ್ಮದೇ ಎಂದಾದರೆ ಇಲ್ಲಿ ಒತ್ತಿ, ಪಾಸ್‌ವರ್ಡ್ ಕೊಟ್ಟು ಸಾಬೀತು ಮಾಡಿ ಎಂದಿತ್ತು. ಲಾಟರಿ ಬಂದಿದೆ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ನನ್ನ ನೀರು ದೋಸೆ ಕದ್ದದ್ದು ಅಂದರೆ! ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಎದ್ದು ಅಕ್ಕಿ ರುಬ್ಬಿದವಳು ನಾನು, ಹೊಗೆ ಕುಡಿದವಳು ನಾನು, ಕದ್ದದ್ದಂತೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೇಳಿದ್ದನ್ನೆಲ್ಲ ತುಂಬಿ ಕಳಿಸಿದೆ. ಸಾಬೀತು ಮಾಡಿದೆನೆಂಬ ಹುರುಪಿನಲ್ಲಿ ಒಂದು ಲೋಟ ಚಹಾ ಹೆಚ್ಚಿಗೆ ಕುಡಿದೆ.

ಸಂಜೆಯ ಹೊತ್ತಿಗೆ ನನ್ನ ಅಕೌಂಟಿನಿಂದ ನನ್ನನ್ನೇ ಹೊರಗೆ ಹಾಕಿದ್ದರು. ಮಗಳ ಫೋನಿನಲ್ಲಿ ನೋಡಿದರೆ, ದೋಸಾ ಬೌದಿ ಕಪ್ಪು ಕನ್ನಡಕ ಮಾರುತ್ತಿದ್ದಳು. ಮಗಳು ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕೆಲಸದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವಾಗ ಮೂರು ಭಾಷೆ ಕಲಸಿಕೊಂಡು ಬರುತ್ತದೆ. "ಅಮ್ಮಾ, ಪಾಸ್‌ವರ್ಡ್ ದೇ ದಿಯಾ? ಸೀರಿಯಸ್ಲೀ? ಯಾಕ್ ಕೊಟ್ಟೆ?" ಎಂದು ತಲೆಗೆ ಕೈ ಹಚ್ಚಿ ಕೂತಳು. "ಇದು ಕದ್ದ ಅಕೌಂಟ್" ಎಂದು ಅವಳು ಕೆಳಗೆ ಬರೆದ ಕೂಡಲೇ ಕಳ್ಳ ಅವಳನ್ನು ಬ್ಲಾಕ್ ಮಾಡಿದ. ಗಂಡ ಬರೆದರು, ಅವರನ್ನೂ ಮಾಡಿದ. ಆಮೇಲೆ ಅಲ್ಲಿ ಏನಾಗುತ್ತಿದೆ ಎಂದು ನಮಗೆ ಕಾಣದಾಯಿತು.

ಗಿರಾಕಿಗಳ ಬಗ್ಗೆ ನನಗೆ ಚಿಂತೆ ಇರಲಿಲ್ಲ, ಅವರು ವಾಸನೆ ಹಿಡಿದು ಬರುತ್ತಾರೆ. ನನ್ನ ಚಿಂತೆಯೆಲ್ಲ ಅಮ್ಮನ ಮಾತುಗಳದ್ದು. ಕಳ್ಳ ಅವನ್ನೆಲ್ಲ ಅಳಿಸಿಬಿಟ್ಟರೆ? ಬೇರೆ ಅಕೌಂಟ್ ತೆರೆದು ಅಮ್ಮನಿಗೆ ಕೋರಿಕೆ ಕಳಿಸಿದರೆ ಅವಳು ಸೇರಿಸಿಕೊಳ್ಳಲೇ ಇಲ್ಲ. ಹಳೆಯದು ಕಳ್ಳನ ಕೈಯಲ್ಲಿದೆ, ನಿನ್ನ ಮಗಳ ಹೆಸರು ಹೇಳಿಕೊಂಡು ಹೊಸಬರು ಯಾರು ಬಂದರೂ ನಂಬಬೇಡ ಎಂದು ಅಣ್ಣ ಚೀಟಿಯಲ್ಲಿ ದೊಡ್ಡದಾಗಿ ಬರೆದು ತೋರಿಸಿದ್ದನಂತೆ, ಅದನ್ನು ಅವಳು ವೇದವಾಕ್ಯ ಮಾಡಿಕೊಂಡಿದ್ದಳು. ಅಣ್ಣನ ಫೋನಿಗೆ ದೋಸೆಯ ಫೋಟೋ ಕಳಿಸಿದೆ. ಅವನು ನೆನಪಾದಾಗ ತೋರಿಸಿ, "ಅಮ್ಮ ಚಂದ ಇತ್ತ್ ಅಂದ್ಲ್," ಎಂದು ತಿಳಿಸಿದ. ಚಂದ ಇದೆಯಂತೆ! ಪರರ ಮನೆಯ ಮದುವೆ ಊಟ ಉಂಡು ಬಂದವರು ಹೇಳುವ ಮಾತು. ಅದನ್ನು ಕೇಳಿ ನನಗೆ ನಿಜವಾಗಿಯೂ ಅಳು ಬಂತು.

ಅಕೌಂಟ್ ಬಿಡಿಸಿಕೊಳ್ಳುವ ಕೆಲಸವನ್ನು ಮಗಳು ಕೈಗೆತ್ತಿಕೊಂಡಳು. ಕಂಪನಿಯವರು ಮೊದಲು ಗುರುತಿನ ಚೀಟಿ ಕೇಳಿದರು. ಆಧಾರ್ ಕಳಿಸಿದೆವು. ಅದರಲ್ಲಿರುವುದು ನನ್ನ ತವರಿನವರು ಇಟ್ಟ ಉದ್ದ ಹೆಸರು. ಅಕೌಂಟಿನ ಹೆಸರಿಗೂ ಇದಕ್ಕೂ ಹೊಂದುವುದಿಲ್ಲ ಎಂದು ಉತ್ತರ ಬಂತು. ದೋಸಾ ಬೌದಿ ಎಂದು ಆಧಾರ್ ಮಾಡಿಕೊಡುವ ಸರ್ಕಾರ ಎಲ್ಲಿದೆ? "ಮಾಡ್ಸುಕೆ ಆತ್ತಾ ಕೇಂಡ್ ಕಾಣ್," ಎಂದು ಗಂಡ ಕಾವಲಿಯಿಂದ ತಲೆ ಎತ್ತದೆ ಕುಟುಕಿದರು.

ಹಾಗಾದರೆ ಮುಖದ ವಿಡಿಯೋ ಕಳಿಸಿ, ಅಕೌಂಟಿನಲ್ಲಿರುವ ಫೋಟೋಗಳ ಜೊತೆ ಹೋಲಿಸಿ ನೋಡುತ್ತೇವೆ ಎಂದರು. ಬಲಕ್ಕೆ ತಿರುಗು, ಎಡಕ್ಕೆ ತಿರುಗು, ಮೇಲೆ ನೋಡು ಎಂದು ಫೋನು ಹೇಳಿದಂತೆ ಹೆಣ್ಣು ನೋಡಲು ಬಂದವರ ಮುಂದೆ ಕೂತಷ್ಟು ವಿನಯದಿಂದ ತಿರುಗಿದೆ. ಹೊಂದುವುದಿಲ್ಲ. ಕನ್ನಡಕ ತೆಗೆದು ತಿರುಗಿದೆ. ಹೊಂದುವುದಿಲ್ಲ. ಮಗಳಿಗೆ ಆಗ ತಟ್ಟನೆ ಹೊಳೆಯಿತು. "ಅಮ್ಮಾ, ನಿನ್ನ ಫೋಟೋ ಅದರಲ್ಲಿ ಹೈ ಕ್ಯಾ? ಎಲ್ಲಾ ದೋಸಾನೇ ಅಲ್ವಾ?"

ಹೌದಲ್ಲ! ಅಷ್ಟು ಫೋಟೋಗಳಲ್ಲಿ ದೋಸೆ ಇದೆ, ಇಡ್ಲಿ ಇದೆ, ಕೊಬ್ಬರಿ ಚಟ್ನಿಯ ಬಟ್ಟಲಿದೆ, ನಾನಿಲ್ಲ. ಇರುವುದು ಒಂದೇ ಒಂದು. ಪೂಜೋದ ಕೊನೆಯ ದಿನ, ದುರ್ಗೆಯನ್ನು ಕಳಿಸಿಕೊಡುವ ಮುನ್ನ ಮುತ್ತೈದೆಯರೆಲ್ಲ ಒಬ್ಬರಿಗೊಬ್ಬರು ಸಿಂಧೂರ ಬಳಿದುಕೊಂಡು ಆಡುತ್ತಾರೆ. ಆ ದಿನ ಕಾಕಿಮಾಳ ಸೊಸೆ ತೆಗೆದು ನನ್ನ ಅಕೌಂಟಿಗೆ ಹಾಕಿದ ಫೋಟೋ. ಅದರಲ್ಲಿ ನಾನು ಹಣೆಯಿಂದ ಗಲ್ಲದವರೆಗೆ ಕೆಂಪು. ಬಿಳಿಯಾಗಿ ಕಾಣುವುದು ಕಣ್ಣು ಮತ್ತು ಹಲ್ಲು ಮಾತ್ರ. ಪಾಪದ ಯಂತ್ರ ಆ ಕೆಂಪು ಹೆಂಗಸನ್ನೂ ಈ ಬೆವರಿದ ಹೆಂಗಸನ್ನೂ ಪಕ್ಕಪಕ್ಕ ಇಟ್ಟು ಏನು ತಾನೇ ಹೇಳಬೇಕು?

"ಹಾಗಾದ್ರೆ ಕೆಂಪಾಗು," ಅಂದಳು ಮಗಳು. ಅಪರೂಪಕ್ಕೆ ಪೂರ್ತಿ ಕನ್ನಡದ ಒಂದು ವಾಕ್ಯ.

ಬೇಸಿಗೆಯ ಸೆಕೆ ಕುದಿಯುತ್ತಿದ್ದ ದಿನಗಳು ಅವು, ಪೂಜೋಗೆ ಇನ್ನೂ ತಿಂಗಳುಗಳಿದ್ದವು. ಹೊತ್ತಲ್ಲದ ಹೊತ್ತಿನಲ್ಲಿ ಸಿಂಧೂರ ಆಡಬಹುದೋ ಎಂಬ ಅಳುಕಿನಲ್ಲಿ ಕಾಕಿಮಾಳನ್ನು ಕೇಳಲು ಹೋದೆ. ಕೇರಿಯಲ್ಲಿ ಶಾಸ್ತ್ರದ ಮಾತು ಅವಳದ್ದೇ ಕೊನೆ. ಕಥೆಯನ್ನೆಲ್ಲ ಕೇಳಿ, ಅಮ್ಮನ ವಿಷಯ ಬಂದಾಗ ಎರಡು ಸಲ ಮೂಗು ಒರೆಸಿಕೊಂಡು, "ಮುತ್ತೈದೆಗೆ ಸಿಂಧೂರ ಹಚ್ಚುವುದಕ್ಕೆ ಪಂಚಾಂಗ ಯಾಕೆ?" ಎಂದು ಬಂಗಾಳಿಯಲ್ಲಿ ತೀರ್ಪು ಕೊಟ್ಟು ಸಿಂಧೂರದ ಡಬ್ಬಿಯ ಜೊತೆಗೇ ಎದ್ದಳು. ಒಬ್ಬಳನ್ನು ಕರೆದರೆ ನಾಲ್ವರು ಬರುವ ಕೇರಿ ನಮ್ಮದು. ಫೋಟೋದಲ್ಲಿ ಇದ್ದಂಥದ್ದೇ ಕೆಂಪಂಚಿನ ಬಿಳಿ ಸೀರೆ ಉಡಿಸಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಉದ್ದಿನಬೇಳೆಯ ಮೂಟೆಯ ಮೇಲೆ ನನ್ನನ್ನು ಕೂರಿಸಿ, ಫೋಟೋ ನೋಡಿಕೊಂಡು ಬಳಿಯತೊಡಗಿದರು. "ಎಡಗೆನ್ನೆಗೆ ಕಡಿಮೆ ಇತ್ತು," ಎಂದು ಒಬ್ಬಳು. "ಮೂಗಿಗೆ ನಾನೇ ಹಚ್ಚಿದ್ದು, ಮೂಗು ನನಗೆ ಬಿಡಿ," ಎಂದು ಇನ್ನೊಬ್ಬಳು. ಸುಮ್ಮನೆ ಹಚ್ಚಿದರೆ ಸಾಲದೆಂದು ನಾಲಿಗೆ ಆಡಿಸಿ ಉಲು ಧ್ವನಿಯನ್ನೂ ಹೊರಡಿಸಿದರು. ಹೊರಗೆ ಕೂತಿದ್ದ ಗಿರಾಕಿಗಳು ಯಾರದೋ ಮದುವೆ ಅಂದುಕೊಂಡರು.

ಗಂಡ ಚಟ್ನಿ ಕೇಳಲು ಒಳಗೆ ಬಂದು, ನನ್ನನ್ನು ಕಂಡವರೇ ಬಾಗಿಲಲ್ಲೇ ನಿಂತರು. "ಅಯ್ಯೋ, ಮೆಣ್ಸಿನ್ ಪುಡಿ ಡಬ್ಬಿ ಬಿತ್ತಾ?" ಎಂದು ಗಾಬರಿಯಿಂದ ಕೂಗಿದರು. ನಗು ತಡೆಯಲಾಗಲಿಲ್ಲ. ಬಲಕ್ಕೆ ತಿರುಗು ಎಂದಾಗಲೂ ನಗು, ಎಡಕ್ಕೆ ತಿರುಗು ಎಂದಾಗಲೂ ನಗು. ಬೆವರಿಗೆ ಸಿಂಧೂರ ಇಳಿದು ಬಾಯಿಗೆ ಬರುತ್ತಿತ್ತು. ಹಾಳಾಯಿತು ಅಂದುಕೊಂಡೇ ಮಗಳು ಅದನ್ನು ಕಳಿಸಿದಳು. ಆದರೆ ಆ ಹಳೆಯ ಫೋಟೋದಲ್ಲೂ ನಾನು ಹೀಗೆಯೇ ಹಲ್ಲು ಕಿರಿದಿದ್ದೆ.

ಮಾರನೆಯ ದಿನ ಉತ್ತರ ಬಂತು. ಮುಖ ಹೊಂದಿದೆ, ಅಕೌಂಟ್ ನಿಮ್ಮದು. ಅದು ಸಿಂಧೂರದಿಂದಲೇ ಆಯಿತೆಂದು ಹೇಳಲಾಗದು ಎಂದು ಮಗಳು ಏನೇನೋ ವಿವರಿಸಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಕಿಮಾಳ ಮನೆಗೆ ಒಂದು ಡಬ್ಬಿ ನೀರು ದೋಸೆ ಹೋಯಿತು.

ಒಳಗೆ ಹೋಗಿ ನೋಡಿದೆ. ಹಳೆಯ ಫೋಟೋಗಳು, ಕೆಳಗಿನ ಜಗಳಗಳು, ಎಲ್ಲ ಇದ್ದಹಾಗೇ ಇದ್ದವು. ಮೇಲೆ ಮಾತ್ರ ಸಾಲುಸಾಲು ಕಪ್ಪು ಕನ್ನಡಕದ ಜಾಹೀರಾತು, ಅವನ್ನು ಹಾಕಿಕೊಂಡು ನಿಂತ ಯಾವುದೋ ದೇಶದ ಒಬ್ಬ ಹುಡುಗ. ಎಲ್ಲವನ್ನೂ ಅಳಿಸಿ ಬಿಸಾಕಲು ಹೊರಟವಳ ಕೈ ನಿಂತಿತು. ಪ್ರತಿಯೊಂದರ ಕೆಳಗೂ ಅಮ್ಮ ಇದ್ದಳು.

ಮೊದಲ ಕನ್ನಡಕದ ಕೆಳಗೆ, "ದೋಸಿ ಎಲ್ಲಿ? ಇದೆಂತ?" ಎಂದಿತ್ತು. ಎರಡನೆಯದಕ್ಕೆ, "ಈ ಮಾಣಿ ಯಾರ್?" ಊರಿನಲ್ಲಿ ಹುಡುಗನನ್ನು ನಾವು ಹಾಗೆ ಕರೆಯುವುದು. ಅಣ್ಣ ಚೀಟಿ ತೋರಿಸಿದ ಮೇಲೆ ಅಮ್ಮ ಕಳ್ಳನನ್ನೇ ನೇರವಾಗಿ ವಿಚಾರಿಸಿಕೊಂಡಿದ್ದಳು. ಕನ್ನಡಕ ಹಾಕಿಕೊಂಡ ಆ ಹುಡುಗನೇ ಕಳ್ಳನೆಂದು ಅವಳ ತಿಳುವಳಿಕೆ. "ಮಾಣಿ, ನನ್ ಮಗ್ಳದ್ದ್ ಬಿಟ್ಟ್ ಕೊಡ್. ಅವ್ಳಿಗೆ ಸಿಟ್ಟ್ ಜಾಸ್ತಿ." ಅದಕ್ಕೆ ಅವನು ಇನ್ನೊಂದು ಕನ್ನಡಕದ ಜಾಹೀರಾತು ಹಾಕಿದ್ದ. "ಬಾಯಿಲ್ದವ," ಎಂದು ಮರುದಿನ. ಆಮೇಲಾಮೇಲೆ ಬೈಗುಳ ತೆಳ್ಳಗಾಗುತ್ತಾ ಬಂದಿತ್ತು. "ನಿನ್ನೇದ್ ಕನ್ನಡ್ಕವೇ ಅಡ್ಡಿಲ್ಲ." ಕೊನೆಯ ಜಾಹೀರಾತಿನ ಕೆಳಗೆ ಎರಡೇ ಪದ: "ಮಾಣಿ, ಉಂಡ್ಯಾ?"

ಅದರ ಪಕ್ಕದಲ್ಲಿ ಒಂದು ಹೃದಯವಿತ್ತು. ದೋಸಾ ಬೌದಿಯ ಹೆಸರಿನಲ್ಲಿ ಒತ್ತಿದ್ದು, ಅಂದರೆ ಆ ಕಳ್ಳನೇ. ಅನುವಾದದ ಗುಂಡಿ ಒತ್ತಿ ಓದಿದನೋ, ಕೈತಪ್ಪಿ ಒತ್ತಿದನೋ ಗೊತ್ತಿಲ್ಲ. ಬೇರೆ ಯಾವುದಕ್ಕೂ ಒತ್ತಿರಲಿಲ್ಲ. ಅವನ ಮೇಲೆ ಅಷ್ಟು ದಿನ ಕಾಪಾಡಿಕೊಂಡಿದ್ದ ನನ್ನ ಸಿಟ್ಟು ಅಲ್ಲೇ ಜರ್ರನೆ ಇಳಿದುಹೋಯಿತು. ಕನ್ನಡಕಗಳನ್ನೆಲ್ಲ ಅಳಿಸಿದೆ, ಅದೊಂದನ್ನು ಮಾತ್ರ ಬಿಟ್ಟೆ.

ಆ ಹಿಗ್ಗಿನಲ್ಲಿ, ಅಕೌಂಟ್ ಸಿಕ್ಕಿದ್ದನ್ನು ಅಣ್ಣನಿಗೂ ತಿಳಿಸದೆ, ಆ ದಿನದ ಮೊದಲ ದೋಸೆಯ ಫೋಟೋ ಹಾಕಿ ಕಾದು ಕೂತೆ. ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. "ಕಾವ್ಲಿ ಕಾಯ್ಲಿಲ್ಲ." ಓದಿ ಕಣ್ಣು ಮಂಜಾಯಿತು. ಎಷ್ಟು ದಿನದ ಮೇಲೆ! ಅವಳ ಮಾತಿಗೆ ಒಂದು ಹೃದಯ ಒತ್ತಿ, "ಹೌದಮ್ಮಾ, ನೀನ್ ಹೇಳ್ದೇ ಸರಿ," ಎಂದು ಬರೆದೆ.

ಒಂದು ಪಾತ್ರೆ ಚಟ್ನಿ ರುಬ್ಬಿ ಮುಗಿಸಿದೆ. ಆಮೇಲೆ ಉತ್ತರ ಬಂತು. "ಮಾಣಿ, ನೀನ್ ಇನ್ನೂ ಹೋಯ್ಲಿಲ್ಯಾ?"

ಗಂಡ ಓದಿ ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದು ಬಿದ್ದು ನಕ್ಕರು. ನನಗೆ ರೇಗಿಹೋಯಿತು. ಮುಖಕ್ಕೆ ಕೆಂಪು ಬಳಿದುಕೊಂಡು ಯಂತ್ರವನ್ನು ಒಪ್ಪಿಸಿದ್ದೇನೆ, ಹೆತ್ತವಳಿಗೆ ಗುರುತು ಸಿಗುವುದಿಲ್ಲವಂತೆ! ತಡಬಡಿಸಿ ಒತ್ತಿದೆ: "ಕಾವ್ಲಿ ಸಮಾ ಕಾದಿತ್ತ್. ನಿನ್ ಕಣ್ಣ್ ಸಮಾ ಇಲ್ಲ. ನಾಳೆಯೇ ಕಣ್ಣಿನ್ ಡಾಕ್ಟರ್ ಹತ್ರ ಹೋಗ್!"

ಈ ಸಲ ಉತ್ತರಕ್ಕೆ ಕಾಯಬೇಕಾಗಲಿಲ್ಲ.

"ಬಂದ್ಯಾ ಮಗ್ಳೇ?" ಎಂದು ಬರೆದಿದ್ದಳು ಅಮ್ಮ.