ಕುಸುಬಿ ಎಣ್ಣೆ ಕುಡಿದ ಗಾಲಿ

ಕಾದ ಕಬ್ಬಿಣದ ಹಳಿಯನ್ನು ಬಂಡಿಗಾಲಿಗೆ ತೊಡಿಸಿ ಕಾಳಪ್ಪ ನೀರು ಸುರಿಯುತ್ತಿದ್ದ. ಆವಿ ಎದ್ದು ಮಕ್ತಲದ ಬೀದಿಯೇ ಕಾಣದಾಯಿತು. ಆವಿ ತಿಳಿಯಾದಾಗ ಕುಲುಮೆಯ ಎದುರು ಗುರುಲಿಂಗಮ್ಮ ನಿಂತಿದ್ದಳು, ಕೈಯಲ್ಲೊಂದು ಕಾಗದ.

"ಕಾಳಪ್ಪಣ್ಣ, ನನ್ನ ತಮ್ಮನ ಫಟಫಟಿ ಗಾಲಿ ತಿರುಗವಲ್ದು. ನಾಳೆ ಮಧ್ಯಾಹ್ನ ರೈಲು ಇಳಿದು ಬರ್ತೀನಂತ ಬರದಾನ."

"ನಾನು ಎತ್ತಿನ ಬಂಡಿ ಮಾಡೋನು, ಅಮ್ಮಾರ. ಅದಕ್ಕ ಮೇವು ಹಾಕಿ ನೋಡೀರೇನು?"

"ನಗಬ್ಯಾಡ. ಅಕ್ಕನ ಕೈಯಾಗ ಕೊಟ್ರ ಕೆಡಿಸಿಬಿಟ್ಲು ಅಂದ್ರ ನಾ ಏನು ಮಾಡ್ಲಿ?"

ಹೋದ ವರ್ಷ ಶ್ರಾವಣದಲ್ಲಿ ರಜಾಕಾರರ ಕಾಟ ಹೆಚ್ಚಿದಾಗ ಅವಳ ತಮ್ಮ, ನಾರಾಯಣಪೇಟೆಯ ಸೀರೆ ವ್ಯಾಪಾರಿ ಕರಿಬಸಯ್ಯ, ತುಂಗಭದ್ರೆ ದಾಟಿ ನಿಜಾಮನ ಸೀಮೆಯಿಂದಾಚೆ ಹೋಗಿದ್ದ. ಮೋಟರ್ ಸೈಕಲನ್ನು ಅಕ್ಕನ ಕೊಟ್ಟಿಗೆಯಲ್ಲಿ ಬಿಟ್ಟಿದ್ದ. ಅವಳು ಸುತ್ತ ಜೋಳದ ಕಣಿಕೆ ಒಟ್ಟಿ ಅದನ್ನು ಹದಿನಾಲ್ಕು ತಿಂಗಳು ಮುಚ್ಚಿಟ್ಟಳು. ಈಗ ಪೊಲೀಸ್ ಕಾರ್ಯಾಚರಣೆ ಮುಗಿದು ತಿಂಗಳಾಗಿತ್ತು. ಊರು ಬಿಟ್ಟವರು ಒಬ್ಬೊಬ್ಬರಾಗಿ ಮರಳುತ್ತಿದ್ದರು.

ಕೊಟ್ಟಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದಿತ್ತು. ಕಣಿಕೆಯ ಧೂಳು ಅದರಲ್ಲಿ ಮೆಲ್ಲಗೆ ಈಜುತ್ತಿತ್ತು. ಕೆರೆಯ ತಳಕ್ಕೆ ನಡೆದು ಬಂದಂತೆ ಅನಿಸಿ ಕಾಳಪ್ಪ ಒಂದು ಗಳಿಗೆ ಸುಮ್ಮನೆ ನಿಂತ. ಇಂಥ ಗಾಡಿ ರಸ್ತೆಯಲ್ಲಿ ಹಾದುಹೋದಾಗಲೆಲ್ಲ ಅದರ ಸದ್ದು ಅಡಗುವವರೆಗೂ ಅವನು ಸುತ್ತಿಗೆ ಎತ್ತುತ್ತಿರಲಿಲ್ಲ. ಮುಟ್ಟಿದ್ದು ಇದೇ ಮೊದಲು.

ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ತಿರುಗಿಸಿದ. ಅಲುಗಲಿಲ್ಲ. ಚೈನು ಕಳಚಿದ. ಆಗಲೂ ಅಲುಗಲಿಲ್ಲ. ಹಾಗಿದ್ದರೆ ತಪ್ಪು ಎಂಜಿನ್ನಿನದಲ್ಲ. ಕಾಲಿನಿಂದ ಒತ್ತುವ ಬ್ರೇಕಿನ ಸಲಾಕೆ ಬಿಡಿಸಿದ. ಗಾಲಿಯ ನಡುವಿನ ಬ್ರೇಕಿನ ಡಬ್ಬಿಯ ಮೇಲಿದ್ದ ಸಣ್ಣ ಹಿಡಿ ಮರಳಿ ಬರಬೇಕಿತ್ತು, ಬರಲಿಲ್ಲ. ರೋಗ ಡಬ್ಬಿಯೊಳಗೇ ಇತ್ತು.

ಅದನ್ನು ತೆರೆದಾಗ ಕಂಡದ್ದು ತುಕ್ಕಲ್ಲ. ಒಳಗೆಲ್ಲ ಜೇನಿನ ಬಣ್ಣದ ಗಟ್ಟಿ ಪೊರೆ. ಬ್ರೇಕಿನ ಎರಡು ಪಟ್ಟಿಗಳೂ ಗಾಲಿಗೆ ಅಂಟಿದ್ದವು. ಪೊರೆಯೊಳಗೆ ಒಂದು ಇರುವೆ, ನಡೆಯುತ್ತಿದ್ದ ಭಂಗಿಯಲ್ಲೇ, ನಿಂತಿತ್ತು. ಕಾಳಪ್ಪ ಉಗುರಿನಿಂದ ಕೆರೆದು ಮೂಸಿದ.

"ಅಮ್ಮಾರ, ಇದಕ್ಕ ಎಣ್ಣಿ ಹಾಕೀರೇನ್ರೀ?"

"ಪ್ರತಿ ಸೋಮವಾರ. ತುಕ್ಕು ಹಿಡಿಬಾರ್ದಲ್ಲ."

"ಯಾವ ಎಣ್ಣಿ?"

"ಕುಸುಬಿ ಎಣ್ಣಿ. ಛಲೋದು. ಅಡಿಗೀಗಿ ತಂದಿದ್ದು."

"ಬಂಡಿಗೆ ಹಾಕೋ ಹರಳೆಣ್ಣಿ ಹಾಕಿದ್ರ ಆಗ್ತಿತ್ತಲ್ರೀ."

"ತಮ್ಮನ ಗಾಡಿಗೆ ಬಂಡಿ ಎಣ್ಣೀನ? ಬೇಕಂದ್ರ ನನ್ನ ಒಗ್ಗರಣಿ ಬಿಟ್ಟೇನು!"

ಬಿಟ್ಟೂ ಇದ್ದಳು. ಕಾಳಪ್ಪ ತಲೆ ತಗ್ಗಿಸಿದ. ಬಾವಿಯಿಂದ ನೀರೆತ್ತುವ ತೊಗಲ ಚೀಲ ಸೋರದಿರಲೆಂದು ಕುಸುಬಿ ಎಣ್ಣೆ ಕಾಯಿಸಿ ಬಳಿಯುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಗಾಳಿಗೆ ಬಿಟ್ಟರೆ ಅದು ಅಂಟಿನಂತೆ ಬಿಗಿಯುತ್ತದೆ.

"ಕೆಟ್ಟಿದ್ದು ನನ್ನ ಕೈಯಿಂದನ, ಹೌದಲ್ಲ?" ಎಂದಳು ಅವಳು. ದನಿ ಸಣ್ಣಗಾಗಿತ್ತು.

"ಕೆಟ್ಟಿಲ್ರೀ. ಅಂಟ್ಕೊಂಡದ. ಒಲಿ ಬೂದಿ ಕೊಡ್ರಿ."

ಬೂದಿನೀರು ಕುದಿಸಿ ಬ್ರೇಕಿನ ಪಟ್ಟಿಗಳನ್ನು ಅಗಲಿಸುವ ಕಬ್ಬಿಣದ ಕೀಲನ್ನು ಅದರಲ್ಲಿ ನೆನೆಯಿಟ್ಟ. ಪೊರೆ ಸಾಬೂನಿನಂತೆ ಕರಗಿತು. ಪಟ್ಟಿಗಳನ್ನು ಮೆಲ್ಲಗೆ ಬಿಡಿಸಿ, ಕೆಂಡದ ಕಾವಿಗೆ ದೂರದಿಂದ ಹಿಡಿದು ಜಿಡ್ಡು ಇಳಿಸಿ, ಇಟ್ಟಿಗೆ ಪುಡಿಯಿಂದ ತಿಕ್ಕಿ ಒರೆಸಿದ. ಕೀಲಿಗೆ ಮಾತ್ರ ಒಂದು ಹನಿ ಹರಳೆಣ್ಣೆ. ಪಟ್ಟಿಗಳಿಗೆ ಏನೂ ಇಲ್ಲ.

ಸಂಜೆಯಾಗುವಷ್ಟರಲ್ಲಿ ಗಾಲಿ ಸ್ವಸ್ಥಾನಕ್ಕೆ ಬಂತು. ಕಾಳಪ್ಪ ಒಂದು ಬೆರಳಿನಿಂದ ತಳ್ಳಿದ. ಸದ್ದಿಲ್ಲದೆ ತಿರುಗಿತು. ಕಡ್ಡಿಗಳ ನೆರಳು ಗೋಡೆಯ ಮೇಲೆ ಹಕ್ಕಿಗಳ ಹಿಂಡಿನಂತೆ ಹರಿಯಿತು. ಬ್ರೇಕ್ ಒತ್ತಿದ, ನಿಂತಿತು. ಬಿಟ್ಟ, ಮತ್ತೆ ತಿರುಗಿತು. ಇಬ್ಬರೂ ಬಹಳ ಹೊತ್ತು ನೋಡುತ್ತ ಕೂತರು.

ಮರುದಿನ ಕರಿಬಸಯ್ಯ ಬಂದ. ಗಡ್ಡ ಬೆಳೆದಿತ್ತು, ಕೈಯಲ್ಲಿ ಪೆಟ್ರೋಲಿನ ಡಬ್ಬಿ ಇತ್ತು. ಪೆಟ್ರೋಲು ತುಂಬಿ, ಗಾಡಿ ಏರಿ ಅಂಗಳದಲ್ಲಿ ಒಂದು ಸುತ್ತು ಹೊಡೆದು ಬ್ರೇಕ್ ಒತ್ತಿ ನಿಂತ.

"ಬಿಟ್ಟು ಹೋದಂಗ ಐತಲ್ಲ, ಅಕ್ಕಾ!"

ನೋಡಲು ಬಂದಿದ್ದ ಕಾಳಪ್ಪ ಬಾಗಿಲ ಕಡೆ ಮುಖ ತಿರುಗಿಸಿದ. ಗುರುಲಿಂಗಮ್ಮ ಮಾತ್ರ ಮುಚ್ಚಿಡಲಿಲ್ಲ.

"ಎಲ್ಲಿ ಬಿಟ್ಟು ಹೋದಂಗೋ. ಕುಸುಬಿ ಎಣ್ಣಿ ಹಾಕಿ ಹಾಕಿ ಗಾಲಿ ಕಟ್ಟಿಹಾಕಿದ್ದೆ. ಕಾಳಪ್ಪಣ್ಣ ಬಿಡಿಸಿದ."

ಕರಿಬಸಯ್ಯ ಅಕ್ಕನ ಒಣಗಿದ ಕೈಗಳನ್ನು ನೋಡಿದ.

"ಮತ್ತ ನೀ ಏನು ಉಂಡಿ?"

ಅವಳು ಒಳಗೆ ಹೋಗಿ ರೊಟ್ಟಿ ತಂದಿಟ್ಟಳು. ಊಟವಾದ ಮೇಲೆ ಅವನು ಅಕ್ಕನನ್ನು ಹಿಂದೆ ಕೂರಿಸಿಕೊಂಡು ನಾರಾಯಣಪೇಟೆಗೆ ಹೊರಟ.