ಒಂದೇ ಕೈಯಲ್ಲಿ ತೊಡುವ ಅಂಗಿ

ಹೊಲಿಗೆ ಅಕ್ಕನ ಹತ್ತಿರ ಕಲಿಯಲು ಹೋದರೆ ಮೊದಲ ಮೂರು ತಿಂಗಳು ಹಳೆಯ ಪೇಪರಿನ ಮೇಲೆ ಮಿಷನ್ನಿನ ದಾರವಿಲ್ಲದ ಸೂಜಿ ಓಡಿಸಬೇಕು. ಗೆರೆ ನೆಟ್ಟಗೆ ಬಂದರೆ ಚಿಂದಿ ಬಟ್ಟೆ, ಚಿಂದಿ ಮುಗಿದರೆ ದಿಂಬಿನ ಕವರು. ಇಪ್ಪತ್ತು ವರ್ಷದಿಂದ ಇದೇ ಕ್ರಮ. ಬಂದವರಲ್ಲಿ ಅರ್ಧಕ್ಕರ್ಧ ಜನ ದಿಂಬಿನ ಮುಖ ಕಾಣುವ ಮೊದಲೇ ಮಾಯ. ‘ಈಗಿನವರಿಗೆ ಕೂತಲ್ಲಿ ಕೂರೋಕಾಗಲ್ಲ’ ಎಂದುಕೊಂಡು ಅಕ್ಕ ನೆಮ್ಮದಿಯಾಗಿದ್ದಳು.

ಹಾಗಿರುವಾಗ ಗಾರೆಯವನ ಹೆಂಡತಿ ಬಂದು ಸೇರಿದಳು. ಎರಡನೇ ದಿನವೇ ಪೇಪರು ಪಕ್ಕಕ್ಕಿಟ್ಟು ಚೀಲದಿಂದ ನೀಲಿ ಬಟ್ಟೆ ತೆಗೆದಳು.

“ಅಕ್ಕ, ನಂಗೆ ಒಂದು ಅಂಗಿ ಹೊಲಿಯೋದು ಹೇಳ್ಕೊಟ್ರೆ ಸಾಕು.”

“ನಿನ್ನೆ ಬಂದು ಇವತ್ತು ಅಂಗೀನಾ? ನಾಳೆ ಕೋಟು ಹೊಲೀತೀಯೇನೋ.”

ಉಳಿದವರು ನಕ್ಕರು. ಅವಳು ನಗಲಿಲ್ಲ.

“ನಮ್ಮನೆಯವರು ಕಟ್ಟಡದಿಂದ ಬಿದ್ಮೇಲೆ ಎಡಗೈ ಎದ್ದಿಲ್ಲ ಅಕ್ಕ. ಒಂದನೇ ತಾರೀಕಿಂದ ಗೋಡೌನಲ್ಲಿ ಕಾವಲು ಕೆಲಸ ಸಿಕ್ಕಿದೆ. ಹೋಗಲ್ಲ ಅಂತಾರೆ. ‘ಹೆಂಡ್ತಿ ಕೈಲಿ ಅಂಗಿ ಹಾಕಿಸ್ಕೊಳ್ಳೋನು ಏನು ಕಾಯ್ತಾನೆ’ ಅಂತಾರೆ. ಅವರೇ ಹಾಕ್ಕೊಳ್ಳೋ ಅಂಗಿ ಬೇಕು.”

ಅಂಥ ಅಂಗಿಯನ್ನು ಅಕ್ಕನೂ ಹೊಲಿದಿರಲಿಲ್ಲ. ಕೊರಳಲ್ಲಿದ್ದ ಅಳತೆಯ ಟೇಪಿನಿಂದ ತನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿಸಿಕೊಂಡು, ಗಿರಾಕಿಯೊಬ್ಬರ ಅಂಗಿ ತೊಡಲು ಹೊರಟಳು. ಅದು ಹೆಗಲ ಹತ್ತಿರ ಸಿಕ್ಕಿಕೊಂಡಿತು. ಮೂರು ಸಲ ಒದ್ದಾಡಿ, ಬೆವರೊರೆಸಿಕೊಂಡು ಹೇಳಿದಳು: “ಎಡತೋಳು ಕಂಕುಳಿಂದ ಕೆಳಗೆ ತೆರೆದೇ ಇರ್ಲಿ. ಒತ್ತಿದ್ರೆ ಅಂಟೋ ಪಟ್ಟಿ ಹಾಕೋಣ. ಗುಂಡಿ ದೊಡ್ಡದು ತಗೋ.”

ಗಾರೆಯವನ ಹೆಂಡತಿಯ ಹೊಲಿಗೆ ಹಾವು ಹರಿದಂತೆ ಹರಿಯಿತು. ಅಕ್ಕ ಬಿಚ್ಚು ಎನ್ನುವ ಮೊದಲೇ ಅವಳೇ ಬಿಚ್ಚಿದಳು. ಹೊಲಿದು ಮತ್ತೆ ಬಿಚ್ಚಿದಳು.

“ಅಷ್ಟೇನೂ ಸೊಟ್ಟಗಿಲ್ಲ, ಬಿಡು.”

“ಈ ಗಂಟು ಅವರ ಕಂಕುಳಿಗೆ ಒತ್ತತ್ತೆ ಅಕ್ಕ.”

ಹೇಳಿಸಿಕೊಳ್ಳದೆ ಹೊಲಿಗೆ ಬಿಚ್ಚಿದವರನ್ನು ಅಕ್ಕ ಅದುವರೆಗೆ ನೋಡಿರಲಿಲ್ಲ. ಹೋದವರೆಲ್ಲ ಸೋಮಾರಿಗಳಾಗಿದ್ದರೋ, ತಾನೇ ಅವರನ್ನು ಏನೂ ಕೇಳದೆ ಪೇಪರು ಕೊಟ್ಟಿದ್ದೆನೋ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ಒಂದನೇ ತಾರೀಕು ಬೆಳಿಗ್ಗೆ ಗಂಡಹೆಂಡತಿ ಬಾಗಿಲಲ್ಲಿ ನಿಂತಿದ್ದರು. ನೀಲಿ ಅಂಗಿಯ ಕಾಲರು ಒಂದು ಕಡೆ ಒಳಗೆ ಮಡಚಿಕೊಂಡಿತ್ತು, ಗುಂಡಿ ಒಂದು ಮನೆ ತಪ್ಪಿತ್ತು. ಹೆಂಡತಿಯ ಕೈ ತಾನಾಗಿ ಕಾಲರಿಗೆ ಹೋಯಿತು.

“ಮುಟ್ಬೇಡ ಕಣೆ,” ಎಂದ ಗಾರೆಯವ.

“ಹಾಗೇ ಇರ್ಲಿ ಬಿಡಮ್ಮ,” ಎಂದಳು ಅಕ್ಕ. “ನೆಟ್ಟಗಿದ್ರೆ ಯಾರೋ ಹಾಕ್ಕೊಟ್ಟಂಗೆ ಕಾಣತ್ತೆ.”

ಅವನು ನಕ್ಕು ಗೋಡೌನಿನ ದಾರಿ ಹಿಡಿದ.

ಮಧ್ಯಾಹ್ನ ಹೊಸಬಳೊಬ್ಬಳು ಕಲಿಯಲು ಬಂದಳು. ಅಕ್ಕನ ಕೈ ಪೇಪರಿನ ಕಟ್ಟಿಗೆ ಹೋಗಿ, ಅಲ್ಲೇ ನಿಂತಿತು.

“ಯಾರಿಗಮ್ಮ ಹೊಲೀಬೇಕು?”

“ನಂಗೇ ಅಕ್ಕ. ಅಂಗಡೀದು ಯಾವ್ದೂ ಹೊಟ್ಟೆ ದಾಟಿ ಇಳಿಯಲ್ಲ.”

“ಹಾಗಾದ್ರೆ ಈ ಟೇಪು ತಗೊಂಡು ಮೊದ್ಲು ಹೊಟ್ಟೆ ಅಳೆ.”