ಕೊಲಿವಾದ ಮೇಲೆ ಹಸಿರು ಶಿಲುಬೆ

ಅರ್ಗಿರೋ ಬೇಯಿಸಿದ ಗೋಧಿಯನ್ನು ಅಡುಗೆಮನೆಯ ಮೇಜಿನ ಮೇಲೆ, ಬಿಳಿ ಬಟ್ಟೆಯಲ್ಲಿ ಹರಡುತ್ತಿದ್ದಳು. ಮರುದಿನ ಭಾನುವಾರ ಚರ್ಚಿನಲ್ಲಿ ಗಂಡ ಪ್ರೊಡ್ರೊಮೋಸನ ನಲವತ್ತನೇ ದಿನದ ಪ್ರಾರ್ಥನೆ. ಸತ್ತವರ ಹೆಸರಿನಲ್ಲಿ ಅಲ್ಲಿ ಹಂಚುವ ಸಿಹಿಗೋಧಿ, ಕೊಲಿವಾಕ್ಕೆ ಗೋಧಿ ರಾತ್ರಿಯಿಡೀ ಆರಬೇಕು. ಬೆರೆಸಲು ಫ್ರೀಜರಿನಲ್ಲಿ ದಾಳಿಂಬೆ ಕಾಳಿತ್ತು. ಕೈ ಗೋಧಿಯ ಮೇಲಿತ್ತು, ಸಿಟ್ಟು ಮಾತ್ರ ಮೈದುನ ಸ್ಟ್ರಾಟೋಸನ ಮೇಲೆ.

ಮುಂದಿನ ಶುಕ್ರವಾರ ಬರ್ಲಿನ್ನಿನಲ್ಲಿ ಯುರೋಪಿನ ಕಡೆಯ ನಾಲ್ಕು ತಂಡಗಳ ಬ್ಯಾಸ್ಕೆಟ್‌ಬಾಲ್ ಶುರು. ಮೊದಲ ಪಂದ್ಯವೇ ಪಿರೇಯಸ್ಸಿನ ಕೆಂಪಿನವರಿಗೂ ಅಥೆನ್ಸಿನ ಹಸಿರಿನವರಿಗೂ. ತಮ್ಮ ಊರಿನ ಕೆಂಪು ತಂಡ ಅಲ್ಲಿಯವರೆಗೆ ಹೋಗುತ್ತದೋ ಇಲ್ಲವೋ ಗೊತ್ತಿಲ್ಲದ ಚಳಿಗಾಲದಲ್ಲೇ ಪ್ರೊಡ್ರೊಮೋಸ್ ಎರಡು ಟಿಕೆಟ್ ಕೊಂಡಿದ್ದ. ಒಂದು ಅವನಿಗೆ, ಒಂದು ಅವಳಿಗೆ. ಎರಡೂ ಅವನ ಫೋನಿನಲ್ಲಿದ್ದವು. ಮಣ್ಣು ಮಾಡಿ ಬಂದ ಸಂಜೆ ಸ್ಟ್ರಾಟೋಸ್, ಬ್ಯಾಂಕಿನ ಕೆಲಸವಿದೆ ಎಂದು ಆ ಫೋನನ್ನು ಜೇಬಿಗೆ ಹಾಕಿಕೊಂಡು ಹೋದ. ಅಣ್ಣನ ಸೀಟಿನಲ್ಲಿ ತಾನು ಕೂತು, ಅವಳ ಸೀಟನ್ನು ಗೆಳೆಯನೊಬ್ಬನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದಾನೆಂಬುದು ಅವಳಿಗೆ ತಿಳಿದದ್ದು ಮೀನಿನಂಗಡಿಯಲ್ಲಿ.

ಅರ್ಗಿರೋ ಆಟ ನೋಡಲು ಕಲಿತದ್ದು ಹಡಗುಕಟ್ಟೆಯ ಕೂಲಿಯಾಗಿದ್ದ ಅಪ್ಪನ ಹೆಗಲ ಮೇಲೆ ಕೂತು. ಬರೀ ಫುಟ್‌ಬಾಲ್ ಗೊತ್ತಿದ್ದ ಪ್ರೊಡ್ರೊಮೋಸನನ್ನು ಮೊದಲ ಸಲ ಕ್ರೀಡಾಂಗಣಕ್ಕೆ ಎಳೆದುಕೊಂಡು ಹೋದವಳೂ ಅವಳೇ. ದ್ವೀಪಗಳಿಗೆ ಹೋಗುವ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದಾಗ ಪಂದ್ಯದ ದಿನ ನೋಡಿಕೊಂಡು ಪಾಳಿ ಬದಲಾಯಿಸುತ್ತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಸ್ಟ್ರಾಟೋಸ್, ಅವನ ಹೆಂಡತಿ ಫ್ರೋಸೋ. ಅವಳ ಕೈಯಲ್ಲಿ ಮಿಠಾಯಿ ಅಂಗಡಿಯ ದೊಡ್ಡ ಡಬ್ಬಿ.

"ಅಕ್ಕಾ, ನೀವ್ಯಾಕೆ ಒಬ್ರೇ ಒದ್ದಾಡ್ತೀರಿ? ಕೊಲಿವಾ ನಾವೇ ಮಾಡಿಸಿದ್ವಿ," ಎಂದಳು ಫ್ರೋಸೋ.

"ಫೋನ್ ಕೊಡು ಸ್ಟ್ರಾಟೋಸ್."

"ಅತ್ತಿಗೆ, ಸ್ವಲ್ಪ ಯೋಚ್ನೆ ಮಾಡಿ. ಸೂತಕದ ಕರಿಬಟ್ಟೆ ಹಾಕ್ಕೊಂಡು ಅಲ್ಲಿ ಹೋಗಿ ಕೂಗ್ತೀರಾ? ಟೀವಿಲಿ ತೋರ್ಸಿದ್ರೆ ಜನ ಏನಂತಾರೆ?"

"ಸತ್ತಿದ್ದು ನಿನ್ನ ಅಣ್ಣ ಅಲ್ವಾ? ನಿನಗಿಲ್ವಾ ಸೂತಕ?"

"ಗಡ್ಡ ಬಿಟ್ಟಿದೀನಲ್ಲ!"

"ಓಹೋ. ಗಡ್ಡ ಬಿಟ್ಕೊಂಡು ಹೋಗ್ಬಹುದು, ಕರಿಬಟ್ಟೆ ಹಾಕ್ಕೊಂಡು ಹೋಗ್ಬಾರ್ದು. ಯಾವ ಪಾದ್ರಿ ಹೇಳ್ಕೊಟ್ಟ ನಿಂಗೆ ಇದನ್ನ?"

ಮಾತು ತಪ್ಪಿಸಲೆಂದು ಫ್ರೋಸೋ ಡಬ್ಬಿಯ ಮುಚ್ಚಳ ತೆಗೆದಳು. ಬಿಳಿ ಸಕ್ಕರೆಯ ಮೇಲೆ ಅಚ್ಚುಕಟ್ಟಾದ ಶಿಲುಬೆ. ಪಿಸ್ತಾದ್ದು. ಹಚ್ಚ ಹಸಿರು.

ಆ ಮನೆಗೆ ಹಸಿರು ಟವೆಲ್ ಕೂಡ ಬಂದದ್ದಿಲ್ಲ. ಪ್ರೊಡ್ರೊಮೋಸ್ ಸೋಡಾ ಬಾಟಲಿಯ ಹಸಿರು ಚೀಟಿಯನ್ನು ಕಿತ್ತು ಹಾಕಿಯೇ ಮೇಜಿಗಿಡುತ್ತಿದ್ದ.

"ಏನಾಯ್ತು?" ಎಂದಳು ಈ ಬಣ್ಣದ ಜಗಳದ ಗೊಡವೆಯಿಲ್ಲದ, ದೂರದ ವೋಲೋಸ್ ಊರಿನ ಹುಡುಗಿ ಫ್ರೋಸೋ. "ಬಾದಾಮಿಗಿಂತ ಚೆನ್ನಾಗಿರತ್ತೆ ಅಂತ ನಾನೇ ಹೇಳಿ ಹಾಕ್ಸಿದ್ದು."

ಸ್ಟ್ರಾಟೋಸ್ ಬಿಳಿಚಿಕೊಂಡ. ದೃಷ್ಟಿ ತೆಗೆಯುವವರಂತೆ ಮೂರು ಸಲ ಥೂ ಥೂ ಥೂ ಎಂದ. "ಅಣ್ಣನ ಕೊಲಿವಾ ಮೇಲೆ! ಅದೂ ಈ ವಾರ! ಮುಚ್ಚೇ ಅದನ್ನ!"

ಅರ್ಗಿರೋ ಕೈ ಒರೆಸಿಕೊಂಡಳು. ಇಷ್ಟು ದಿನ ಅತ್ತೂ ಬೈದೂ ಆಗದ ಕೆಲಸಕ್ಕೆ ದಾರಿ ಆ ಡಬ್ಬಿಯಲ್ಲೇ ಇತ್ತು.

"ಮುಚ್ಚೋದ್ಯಾಕೆ? ನಾಳೆ ಇದನ್ನೇ ಚರ್ಚಿಗೆ ತಗೊಂಡು ಹೋಗೋಣ. ಬಂದೋರಿಗೆಲ್ಲ ನಾನೇ ಬಡಿಸ್ತೀನಿ, ನಮ್ಮ ಸ್ಟ್ರಾಟೋಸ್ ಮಾಡ್ಸಿದ್ದು ಅಂತ. ಶುಕ್ರವಾರ ನೀನು ನಿನ್ನ ಅಣ್ಣನ ಸೀಟಲ್ಲಿ ಕಾಲು ಚಾಚ್ಕೊಂಡು ಕೂತ್ಕೋ. ತಂಡ ಸೋತ್ರೆ, ವಾಪಸ್ ಬಂದು ಹಡಗುಕಟ್ಟೆಲಿ ಹೆಂಗೆ ಓಡಾಡ್ತೀಯೋ ನಾನೂ ನೋಡ್ತೀನಿ."

"ಅತ್ತಿಗೆ, ಹಂಗೆಲ್ಲ ಮಾಡ್ಬೇಡಿ."

"ಜನ ಏನಂತಾರೆ ಅಂದ್ಯಲ್ಲ. ಈಗ ನಿನಗೇನಂತಾರೆ ನೋಡ್ಕೋ."

ಅವನು ಡಬ್ಬಿಗೆ ಮುಚ್ಚಳ ಹಾಕಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು ಗೋಧಿಯ ಪಕ್ಕದಲ್ಲಿಟ್ಟ.

"ಇನ್ನೊಂದು ಟಿಕೆಟ್ಟು?" ಎಂದ, ಮೆಲ್ಲಗೆ.

"ನಿನ್ನ ಅಣ್ಣಂದು. ನೀನು ಬಾ. ಆ ಗೆಳೆಯ ಮನೇಲಿ ಕೂತು ನೋಡ್ಲಿ. ನನ್ನ ಹತ್ರ ಮಾತ್ರ ಮಾತಾಡ್ಬೇಡ."

ಭಾನುವಾರ ಚರ್ಚಿನಲ್ಲಿ ಹಂಚಿದ್ದು ದಾಳಿಂಬೆ ಬೆರೆಸಿದ ಅರ್ಗಿರೋಳ ಗೋಧಿ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಒಂದೇ ವಿಮಾನ ಹತ್ತಿದರು, ಅವಳು ಕರಿಬಟ್ಟೆಯಲ್ಲಿ, ಅವನು ಗಡ್ಡದಲ್ಲಿ. ಬರ್ಲಿನ್ ಬರುವವರೆಗೂ ಅವಳು ಅವನ ಕಡೆ ತಿರುಗಲಿಲ್ಲ.